ಅಂಕುಡೊಂಕಿಗೂ ಕಾರಣವಿದೆ: ಬೇತಮಂಗಲದ ಕೆರೆಯಂಚು ಮತ್ತು ವೆಕ್ಟರ್ ಗೆರೆ

ಪಾಲಾರ್ ನದಿಗೆ ಅಡ್ಡಲಾಗಿ ಕಟ್ಟಿರುವ ಕೋಲಾರ ಜಿಲ್ಲೆಯ ಬೇತಮಂಗಲದ ದೊಡ್ಡ ಕೆರೆಗೆ ಎರಡು ಬಗೆಯ ಅಂಚುಗಳಿವೆ. ಒಂದು, ಮನುಷ್ಯರು ಮಣ್ಣು ಹೊತ್ತು ಕಟ್ಟಿದ ಏರಿ. ಅದರ ಗೆರೆ ಸರಳವಾಗಿ ಸಾಗುತ್ತದೆ. ಇನ್ನೊಂದು ಹಿನ್ನೀರಿನ ದಡ. ಅದನ್ನು ಯಾರೂ ಕಟ್ಟಿಲ್ಲ. ನೆಲ ತಗ್ಗಿದ ಕಡೆ ನೀರು ಒಳನುಗ್ಗಿದೆ, ದಿಬ್ಬ ಎದ್ದ ಕಡೆ ಹಿಂಜರಿದಿದೆ. ಕಂಪ್ಯೂಟರಿನಲ್ಲಿ ಈ ಕೆರೆಯ ಆಕಾರ ಬರೆಯಲು ಕೂತವರಿಗೆ ಏರಿ ಎರಡು ಕ್ಲಿಕ್ಕಿನ ಕೆಲಸ. ತೊಡಕೆಲ್ಲ ಶುರುವಾಗುವುದು ಹಿನ್ನೀರಿನ ಕಡೆಗೆ ತಿರುಗಿದಾಗ.

ಅಲೆಅಲೆಯಾದ, ಕ್ರಮ ತಪ್ಪಿದ ಅಂಚುಳ್ಳ ಆಕಾರವನ್ನು ವೆಕ್ಟರ್ ತಂತ್ರಾಂಶದಲ್ಲಿ ಬರೆಯುವುದು ಹೇಗೆ ಎಂಬುದು ಡಿಟಿಪಿ ಕಲಿಯುವ ಪ್ರತಿಯೊಬ್ಬರೂ ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆ. ಕೋರೆಲ್‌ಡ್ರಾ, ಇಲ್ಲಸ್ಟ್ರೇಟರ್, ಇಂಕ್‌ಸ್ಕೇಪ್ ಯಾವುದನ್ನೇ ತೆರೆದರೂ ಚೌಕ, ವೃತ್ತ, ನಕ್ಷತ್ರ ಸಿದ್ಧವಾಗಿ ಸಿಗುತ್ತವೆ. ಕೆರೆ, ಮೋಡ, ಬಂಡೆ, ಹರಿದ ಕಾಗದ, ಚೆಲ್ಲಿದ ಬಣ್ಣ ಸಿಗುವುದಿಲ್ಲ. ಅವನ್ನು ನಾವೇ ಬರೆಯಬೇಕು. ಬರೆಯಲು ಹಲವು ದಾರಿಗಳಿವೆ, ಪ್ರತಿಯೊಂದಕ್ಕೂ ಅದರದೇ ಗುಣ, ಅದರದೇ ಮಿತಿ. ಆ ದಾರಿಗಳನ್ನೆಲ್ಲ ಒಂದೆಡೆ ಇಟ್ಟು ತೂಗಿ ನೋಡುವುದು ಈ ಲೇಖನದ ಉದ್ದೇಶ. ಉದಾಹರಣೆಗೆ ಬೇತಮಂಗಲದ ಕೆರೆಯನ್ನೇ ಹಿಡಿದಿದ್ದೇನೆ. ಅಲಂಕಾರಕ್ಕೆ ಬರೆದ ಅಂಚು ತಪ್ಪಿದರೆ ಚಂದ ಕೆಡುತ್ತದೆ, ಅಷ್ಟೆ. ಕೆರೆಯ ಅಂಚು ತಪ್ಪಿದರೆ ಊರಿನ ನೆಲದ ಲೆಕ್ಕವೇ ತಪ್ಪುತ್ತದೆ.

ನಾನು ಹೇಳಬೇಕಾದ ಮಾತು ಒಂದೇ. ಅಂಕುಡೊಂಕು ಮನಸ್ಸಿಗೆ ಬಂದಂತೆ ಆದದ್ದಲ್ಲ. ಪ್ರತಿಯೊಂದು ಬಾಗಿಗೂ ನೆಲದಲ್ಲಿ, ನೀರಿನಲ್ಲಿ, ಕಲ್ಲಿನಲ್ಲಿ ಒಂದು ಕಾರಣವಿರುತ್ತದೆ. ಕಾರಣ ತಿಳಿದವರ ಕೈಯಲ್ಲಿ ಗೆರೆ ನಿಜವಾಗುತ್ತದೆ.

ಕೆರೆ ಡೊಂಕಾಗುವುದು ಏಕೆ?

ಬೇತಮಂಗಲದ ಹಳೆಯ ಹೆಸರು ವಿಜಯಾದಿತ್ಯಮಂಗಲ. ಬಾಣ ಅರಸರ ಕಾಲದ ಹೆಸರು ಅದು. 10ನೆಯ ಶತಮಾನದಲ್ಲಿ ನೊಳಂಬ ದೊರೆ ಇರಿವ ನೊಳಂಬನ ಕಾಲಕ್ಕೆ, ಮತ್ತೆ 12ನೆಯ ಶತಮಾನದಲ್ಲಿ ಹೊಯ್ಸಳರ ದಂಡನಾಯಕ ಚೊಕ್ಕಿಮಯ್ಯನ ಕಾಲಕ್ಕೆ ಈ ಕೆರೆ ಜೀರ್ಣೋದ್ಧಾರವಾದದ್ದನ್ನು ಶಾಸನಗಳು ಹೇಳುತ್ತವೆ. ಬ್ರಿಟಿಷರ ಕಾಲದಲ್ಲಿ ಇದೇ ಕೆರೆ ಕೋಲಾರ ಚಿನ್ನದ ಗಣಿಗಳ ಊರಿಗೆ (ಕೆಜಿಎಫ್) ನೀರು ಕೊಟ್ಟಿತು. ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು, ಕೆರೆ ಉಳಿದಿದೆ. ಏರಿ ಒಡೆದಾಗ ಕಟ್ಟಿ, ಕುಸಿದಾಗ ಎತ್ತರಿಸಿ ಸಾವಿರ ವರ್ಷದಿಂದ ಜನ ಇದನ್ನು ಕಾಪಾಡಿಕೊಂಡು ಬಂದಿದ್ದಾರೆ.

ಈ ಇತಿಹಾಸಕ್ಕೂ ನಮ್ಮ ಗೆರೆಗೂ ನೇರ ಸಂಬಂಧವಿದೆ. ತುಂಬಿದ ಕೆರೆಯ ನೀರು ಸಮತಟ್ಟಾಗಿ ನಿಲ್ಲುತ್ತದೆ. ಆದ್ದರಿಂದ ಅದರ ದಡವೆಂದರೆ ಕೋಡಿಯ ಮಟ್ಟದಲ್ಲಿ ನೆಲವನ್ನು ಸುತ್ತುವ ಒಂದು ಸಮೋನ್ನತಿ ರೇಖೆ. ಕೋಡಿಯನ್ನು ಒಂದಡಿ ಎತ್ತರಿಸಿದರೆ ಹಿನ್ನೀರಿನ ಇಡೀ ದಡ ಬೇರೆ ಆಕಾರ ತಾಳುತ್ತದೆ. ಅದೂ ಎಲ್ಲ ಕಡೆ ಒಂದೇ ಅಳತೆಗೆ ಸರಿಯುವುದಿಲ್ಲ. ಹತ್ತು ಮೀಟರಿಗೆ ಒಂದು ಮೀಟರ್ ಏರುವ ನೆಲದಲ್ಲಿ ನೀರು ಒಂದು ಮೀಟರ್ ಹೆಚ್ಚಿದರೆ ದಡ ಹತ್ತು ಮೀಟರ್ ಸರಿಯುತ್ತದೆ. ನೂರು ಮೀಟರಿಗೆ ಒಂದು ಮೀಟರ್ ಏರುವ ಬಯಲಿನಲ್ಲಿ ನೂರು ಮೀಟರ್ ಸರಿಯುತ್ತದೆ. ಕಡಿದಾದ ಕಡೆ ದಡ ಗಟ್ಟಿ ಗೆರೆ. ಬಯಲು ಕಡೆ ಅದು ಮಳೆಗಾಲದಿಂದ ಬೇಸಿಗೆಗೆ ಅಗಲವಾಗಿ ಹಿಂದೆಮುಂದೆ ಆಡುವ ಪಟ್ಟಿ.

ಬಾಗುಗಳಿಗೂ ಒಂದು ವ್ಯಾಕರಣವಿದೆ. ಹಳ್ಳವೊಂದು ಕೆರೆಗೆ ಸೇರುವ ಕಡೆ ನೀರು ಹಳ್ಳದ ಮೇಲುಗಡೆಗೆ ಕಿರಿದಾದ ಬೆರಳು ಚಾಚುತ್ತದೆ, ತುದಿ ಸಣ್ಣದಾಗುತ್ತ ಹೋಗುತ್ತದೆ. ಎರಡು ಹಳ್ಳಗಳ ನಡುವಿನ ದಿಬ್ಬ ಅಗಲವಾದ, ದುಂಡನೆಯ ಮೂಗಾಗಿ ಕೆರೆಯೊಳಕ್ಕೆ ಬರುತ್ತದೆ. ಹೊರಗೆ ಹೋಗುವ ತುದಿಗಳು ಚೂಪು, ಒಳಗೆ ಬರುವ ತುದಿಗಳು ಮೊಂಡು. ಹೂಳು ತುಂಬಿದ ಹಳ್ಳದ ಬಾಯಿಯಲ್ಲಿ ಮಾತ್ರ ಚೂಪು ಮಾಯವಾಗಿ ಜೌಗಿನ ಮಂಕು ಅಂಚು ಉಳಿಯುತ್ತದೆ. ಇಷ್ಟು ಗಮನಿಸಿದವರು ಕೆರೆಯ ಚಿತ್ರ ನೋಡಿದೊಡನೆ ಅದನ್ನು ನೆಲ ನೋಡಿ ಬರೆದರೋ, ಊಹಿಸಿ ಬರೆದರೋ ಹೇಳಬಲ್ಲರು.

ಇದೇ ಸೀಮೆಯಲ್ಲಿ ಬೇರೆ ವ್ಯಾಕರಣದ ಅಂಚುಗಳೂ ಇವೆ. ಕೆಜಿಎಫ್‌ನ ಸೈನೈಡ್ ದಿಬ್ಬಗಳನ್ನು ನೋಡಿ. ಚಿನ್ನ ತೆಗೆದ ಮೇಲೆ ಸುರಿದ ನುಣುಪು ಪುಡಿಯ ರಾಶಿಗಳವು. ಬೇರು ಹಿಡಿದಿಡದ ಆ ಪುಡಿಯನ್ನು ಮಳೆ ಕೊರೆದು ಕೊರಕಲು ಮಾಡುತ್ತದೆ. ಅಲ್ಲಿ ಒಳಗೆ ಹೋಗುವ ತಗ್ಗುಗಳು ಕಿರಿದು, ಆಳ, ಒಂದರ ಪಕ್ಕ ಒಂದು ಒತ್ತೊತ್ತು. ಕೋಲಾರದ ಸುತ್ತಲಿನ ಗ್ರಾನೈಟ್ ಗುಡ್ಡಗಳ ಮೇಲಂಚು ಇದಕ್ಕೆ ತದ್ವಿರುದ್ಧ: ಬಿಸಿಲು ಮಳೆಗೆ ಮೂಲೆ ಸವೆದ ಗುಂಡುಗಳು ಒಂದರ ಮೇಲೊಂದು ಕೂತು, ಎರಡು ಗುಂಡು ಕೂಡುವ ಕಡೆ ಮಾತ್ರ ಚೂಪಾದ ಸಂದು. ಮೂರೂ ಅಂಕುಡೊಂಕೇ. ಆದರೆ ಒಂದರ ಅಂಚನ್ನು ಇನ್ನೊಂದಕ್ಕೆ ತೊಡಿಸಿದರೆ ಮೂರೂ ಸುಳ್ಳಾಗುತ್ತವೆ.

ಸರಪಳಿಯಿಂದ ಕರ್ವ್‌ವರೆಗೆ

ಡೊಂಕು ಅಂಚನ್ನು ಕೆಲವೇ ಬಿಂದುಗಳಲ್ಲಿ ಹಿಡಿಯುವ ಉಪಾಯ ಕಂಪ್ಯೂಟರಿಗಿಂತ ಬಹಳ ಹಳೆಯದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬೆನ್ನಿಗೇ ಕಾಲಿನ್ ಮೆಕೆಂಜಿ ಮೈಸೂರು ಸೀಮೆಯ ಅಳತೆಗೆ ಇಳಿದ. 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಆಧಾರರೇಖೆ ಅಳೆದ. ಬೌರಿಂಗ್ ಕಮಿಷನರ್ ಆಗಿದ್ದ 1860ರ ದಶಕದಲ್ಲಿ ಹೊಲಹೊಲದ ಮೋಜಣಿ ನಡೆಯತೊಡಗಿತು. ಬಂಗಾರಪೇಟೆ ಬಹಳ ಕಾಲ ಬೌರಿಂಗ್‌ಪೇಟೆ ಎನಿಸಿಕೊಂಡಿದ್ದೂ ಇದೇ ಅಧಿಕಾರಿಯ ಹೆಸರಿನಿಂದ.

ಮೋಜಣಿದಾರರ ಕೈಯಲ್ಲಿದ್ದುದು 33 ಅಡಿಯ ಸರಪಳಿ, ಅದರಲ್ಲಿ 16 ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಸೇರಿದರೆ ಒಂದು ಗುಂಟೆ; 40 ಗುಂಟೆಗೆ ಒಂದು ಎಕರೆ. ನೇರ ಬದುವಾದರೆ ಎರಡು ತುದಿಯಲ್ಲಿ ಕಲ್ಲು ನೆಟ್ಟು ನಡುವೆ ಸರಪಳಿ ಎಳೆದರೆ ಮುಗಿಯಿತು. ಹಳ್ಳದ ದಡವೋ ಕೆರೆಯ ಅಂಚೋ ಬಂದರೆ ಬೇರೆ ಕ್ರಮ. ಹತ್ತಿರದಲ್ಲೇ ಒಂದು ನೇರ ಗೆರೆ ಹಾಕಿಕೊಂಡು, ಅದರ ಮೇಲಿನ ಆಯ್ದ ಜಾಗಗಳಿಂದ ಅಂಚಿನವರೆಗೆ ಲಂಬವಾಗಿ ಅಳೆದು ಟಿಪ್ಪಣಿಯಲ್ಲಿ ಬರೆದುಕೊಳ್ಳುವುದು. ಆಮೇಲೆ ಆ ಬಿಂದುಗಳನ್ನು ಕೂಡಿಸಿ ಅಂಚು ಎಳೆಯುವುದು. ಬಿಂದುಗಳನ್ನು ಸಮದೂರದಲ್ಲಿ ಇಟ್ಟು ಸುಮ್ಮನಾಗದೆ, ಅಂಚು ತಿರುಗುವ ಕಡೆಯೇ ಇಡುವವನು ಒಳ್ಳೆಯ ಮೋಜಣಿದಾರ.

ಕಾರಿನ ಕಾರ್ಖಾನೆಗಳಲ್ಲಿ ಈ ವಿದ್ಯೆಗೆ ಗಣಿತದ ಬಲ ಬಂತು. ಫ್ರಾನ್ಸಿನ ಸಿಟ್ರೋಯೆನ್ ಕಂಪನಿಯಲ್ಲಿ 1959ರಲ್ಲಿ ಪಾಲ್ ದ ಕಾಸ್ಟೆಲ್ಜೊ, 1960ರ ದಶಕದಲ್ಲಿ ರೆನೋ ಕಂಪನಿಯಲ್ಲಿ ಪಿಯರ್ ಬೆಝಿಯೆ, ಕಾರಿನ ಮೈಯ ಬಾಗನ್ನು ಕೆಲವೇ ಬಿಂದುಗಳಿಂದ ಹೇಳುವ ಕ್ರಮವನ್ನು ರೂಪಿಸಿದರು. ಇಂದು ನಾವು ಬಳಸುವ ಬೆಝಿಯೆ ಕರ್ವ್ ಅದೇ. ಅದರ ಒಂದು ತುಂಡಿಗೆ ನಾಲ್ಕು ಬಿಂದು ಸಾಕು: ಎರಡು ತುದಿಗಳು, ಬಾಗನ್ನು ತನ್ನತ್ತ ಸೆಳೆಯುವ ಎರಡು ಹ್ಯಾಂಡಲ್‌ಗಳು. 1984ರ ಪೋಸ್ಟ್‌ಸ್ಕ್ರಿಪ್ಟ್ ಈ ಕರ್ವನ್ನು ಮುದ್ರಣಕ್ಕೆ ತಂದಿತು. 1987ರಲ್ಲಿ ಇಲ್ಲಸ್ಟ್ರೇಟರ್, 1989ರಲ್ಲಿ ಕೋರೆಲ್‌ಡ್ರಾ ಅದನ್ನು ಸಾಮಾನ್ಯ ಕಲಾವಿದರ ಕೈಗೆ ಕೊಟ್ಟವು. 2001ರಲ್ಲಿ ಎಸ್‌ವಿಜಿ ಜಾಲಪುಟಗಳ ಮಾನಕವಾಯಿತು. 2003ರಲ್ಲಿ ಇಂಕ್‌ಸ್ಕೇಪ್ ಬಂದಾಗ ದುಡ್ಡಿಲ್ಲದ ವಿದ್ಯಾರ್ಥಿಗೂ ಇದು ದಕ್ಕಿತು. ಕನ್ನಡದ ಪ್ರತಿ ಅಕ್ಷರದ ಗುಂಡನೆಯ ಅಂಚೂ ಫಾಂಟಿನೊಳಗೆ ಇಂಥ ಕರ್ವ್‌ಗಳಿಂದಲೇ ನಿಂತಿದೆ. ಹಾಗಾಗಿ ಕನ್ನಡದ ಡಿಟಿಪಿ ಕಲಾವಿದರು ದಿನವಿಡೀ ಡೊಂಕು ಅಂಚುಗಳ ನಡುವೆಯೇ ಇರುತ್ತಾರೆ.

ಕೈಯಿಂದ ಬರೆಯುವ ದಾರಿ

ಮೊದಲ ದಾರಿ ಫ್ರೀಹ್ಯಾಂಡ್. ಪೆನ್ಸಿಲ್ ಟೂಲ್ ಹಿಡಿದು ಮೌಸ್ ಒತ್ತಿಕೊಂಡೇ ಅಂಚು ಎಳೆಯುವುದು. ಬೇಗ ಆಗುತ್ತದೆ, ಗೆರೆಗೆ ಜೀವವೂ ಇರುತ್ತದೆ. ಆದರೆ ಆ ಗೆರೆಯಲ್ಲಿ ನೆಲದ ಡೊಂಕಿನ ಜೊತೆಗೆ ನಮ್ಮ ಕೈಯ ನಡುಕವೂ ಸೇರುತ್ತದೆ. ತಂತ್ರಾಂಶ ಆ ನಡುಕಕ್ಕೂ ಗೆರೆಯ ಬಿಂದುಗಳನ್ನು, ಅಂದರೆ ನೋಡ್‌ಗಳನ್ನು ಇಟ್ಟುಬಿಡುತ್ತದೆ. ಇದನ್ನು ತಗ್ಗಿಸಲೆಂದೇ ಸ್ಮೂದಿಂಗ್ ಅಳತೆ ಇದೆ. ಕಡಿಮೆ ಇಟ್ಟರೆ ನಡುಕ ಉಳಿಯುತ್ತದೆ, ಹೆಚ್ಚಿಟ್ಟರೆ ಹಳ್ಳದ ಚೂಪು ತುದಿಗಳು ಕರಗುತ್ತವೆ. ಮೌಸಿಗಿಂತ ಪೆನ್ ಟ್ಯಾಬ್ಲೆಟ್ ಇಲ್ಲಿ ಬಹಳ ಮೇಲು. ಮೋಡ, ಮರದ ತಲೆ, ಕಥೆಗೆ ಬರೆಯುವ ಚಿತ್ರ, ಇವಕ್ಕೆ ಈ ದಾರಿ ಧಾರಾಳವಾಗಿ ಸಾಕು.

ಎರಡನೆಯದು ಪೆನ್ ಟೂಲ್ ಅಥವಾ ಬೆಝಿಯೆ ಟೂಲ್. ಕಲಿಯಲು ನಿಧಾನ, ಕಲಿತವರಿಗೆ ಇದಕ್ಕಿಂತ ನಂಬಿಕೆಯ ಸಾಧನವಿಲ್ಲ. ಪ್ರತಿ ಬಾಗಿನ ನೆತ್ತಿಯಲ್ಲಿ ಒಂದು ನೋಡ್ ಇಟ್ಟು, ಹ್ಯಾಂಡಲನ್ನು ಅಂಚು ಸಾಗುವ ದಿಕ್ಕಿಗೆ ಎಳೆಯಬೇಕು. ಹ್ಯಾಂಡಲಿನ ಉದ್ದ ಎರಡು ನೋಡ್‌ಗಳ ನಡುವಿನ ದೂರದ ಸುಮಾರು ಮೂರನೆಯ ಒಂದು ಭಾಗ ಇದ್ದರೆ ಬಾಗು ಹದವಾಗಿ ಬರುತ್ತದೆ. ಎಡಕ್ಕೆ ಬಾಗಿ ಬಲಕ್ಕೆ ಹೊರಳುವ ಒಂದು ತಿರುವನ್ನು ಒಂದೇ ತುಂಡು ಹೊರಬಲ್ಲದು; ಹೊರಳುವ ಜಾಗದಲ್ಲಿ ಇನ್ನೊಂದು ನೋಡ್ ಬೇಕಿಲ್ಲ. ದಿಬ್ಬದ ಮೊಂಡು ಮೂಗಿಗೆ ಸ್ಮೂತ್ ನೋಡ್, ಹಳ್ಳದ ಚೂಪು ತುದಿಗೆ ಕಸ್ಪ್ ನೋಡ್. ಏರಿಯೂ ದಡವೂ ಕೂಡುವ ಎರಡು ಮೂಲೆಗಳಲ್ಲಿ ಕಸ್ಪ್ ನೋಡೇ ಇರಬೇಕು, ಏಕೆಂದರೆ ಅಲ್ಲಿ ಮನುಷ್ಯರು ಕಟ್ಟಿದ್ದು ಮುಗಿದು ನೆಲ ತಾನೇ ಮಾಡಿದ್ದು ಶುರುವಾಗುತ್ತದೆ. ಹೀಗೆ ಬರೆದಾಗ ನೋಡ್‌ನ ಬಗೆಯೇ ನೆಲದ ಬಗೆಯನ್ನು ಹೇಳುತ್ತದೆ.

ತಂತ್ರಾಂಶವೇ ಡೊಂಕು ಮಾಡುವ ದಾರಿ

ಮೂರನೆಯ ದಾರಿಯಲ್ಲಿ ನಾವು ಒರಟಾದ ಆಕಾರವೊಂದನ್ನು ಕೊಡುತ್ತೇವೆ, ಅಂಚನ್ನು ಕೆಡಿಸುವ ಕೆಲಸ ತಂತ್ರಾಂಶದ್ದು. ಇಲ್ಲಸ್ಟ್ರೇಟರ್‌ನಲ್ಲಿ ರಫನ್ ಮತ್ತು ಜಿಗ್‌ಜ್ಯಾಗ್ ಎಫೆಕ್ಟ್‌ಗಳಿವೆ. ಕುಂಚದಂತೆ ತೀಡಿ ಅಂಚು ಮುದುಡಿಸುವ ರಿಂಕಲ್, ಸ್ಕ್ಯಾಲಪ್, ಕ್ರಿಸ್ಟಲೈಸ್ ಟೂಲ್‌ಗಳಿವೆ. ಕೋರೆಲ್‌ಡ್ರಾದಲ್ಲಿ ರಫನ್, ಸ್ಮಿಯರ್ ಟೂಲ್‌ಗಳಿವೆ. ಇಂಕ್‌ಸ್ಕೇಪ್‌ನಲ್ಲಿ ರಫನ್ ಪಾಥ್ ಎಫೆಕ್ಟ್ ಇದೆ. ಗೆರೆಯ ತುಂಡನ್ನು ಅರ್ಧ ಮಾಡಿ ನಡುಬಿಂದುವನ್ನು ಸರಿಸಿ, ಮತ್ತೆ ಅರ್ಧ ಮಾಡಿ ಮತ್ತೆ ಸರಿಸುವ ಫ್ರ್ಯಾಕ್ಟಲೈಸ್ ಇದೆ. ಇವುಗಳ ಹಿಂದೆ ಗಟ್ಟಿ ವಿದ್ಯೆಯಿದೆ. ನಡುಬಿಂದು ಸರಿಸಿ ಬೆಟ್ಟ ಹುಟ್ಟಿಸುವ ಕ್ರಮವನ್ನು ಫೋರ್ನಿಯೆ, ಫಸೆಲ್, ಕಾರ್ಪೆಂಟರ್ 1982ರಲ್ಲಿ ಪ್ರಕಟಿಸಿದರು. ಕೆನ್ ಪರ್ಲಿನ್ ಅವರ ನಾಯ್ಸ್ 1985ರಲ್ಲಿ ಪ್ರಕಟವಾಗಿ ಸಿನಿಮಾದ ಮೋಡ, ಹೊಗೆ, ಅಮೃತಶಿಲೆಗಳ ಮೈಯನ್ನೇ ಬದಲಿಸಿತು.

ಅಲಂಕಾರದ ಕೆಲಸದಲ್ಲಿ ಈ ದಾರಿಗೆ ಸಾಟಿಯಿಲ್ಲ. ನವೆಂಬರ್ 1ರ ಫ್ಲೆಕ್ಸ್‌ಗಳಲ್ಲಿ ಹಳದಿ ಕೆಂಪು ಬಣ್ಣವನ್ನು ಕುಂಚದಿಂದ ಬಳಿದಂತೆ ತೋರಿಸಲು, ಲಗ್ನಪತ್ರಿಕೆಗೆ ಹರಿದ ತಾಳೆಗರಿಯ ಅಂಚು ಕೊಡಲು, ಪೋಸ್ಟರಿನಲ್ಲಿ ಬಣ್ಣ ಚೆಲ್ಲಿಸಲು ಕೆಲವು ಸೆಕೆಂಡು ಸಾಕು. ಎಫೆಕ್ಟ್ ಆದರೆ ಅಳತೆ ಬದಲಿಸಿದರೆ ಹೊಸ ರೂಪ, ಬೇಡವಾದರೆ ಮೂಲ ಆಕಾರ ಹಾಗೇ ಇರುತ್ತದೆ.

ಕೆರೆಗೆ ಮಾತ್ರ ಇದು ಸಲ್ಲದು. ರಫನ್ ಎಫೆಕ್ಟ್‌ಗೆ ಏರಿ ಯಾವುದು, ಹಿನ್ನೀರು ಯಾವುದು ಗೊತ್ತಿಲ್ಲ. ಎರಡನ್ನೂ ಒಂದೇ ಬಗೆಯಲ್ಲಿ ಕೆಡಿಸುತ್ತದೆ. ಒಳಬಾಗು ಹೊರಬಾಗು ಎರಡಕ್ಕೂ ಒಂದೇ ಮೊನಚು ಕೊಡುತ್ತದೆ. ದಡ ಕೊನೆಗೆ ಗರಗಸದ ಹಲ್ಲಿನಂತೆ ಕಾಣತೊಡಗುತ್ತದೆ. ನಿಜವಾದ ಹಿನ್ನೀರಿನಲ್ಲಿ ಬಹಳ ದೂರದವರೆಗೆ ಏನೂ ಆಗದೆ, ಒಂದು ಹಳ್ಳ ಬಂದ ಕೂಡಲೇ ಅಂಚು ಸರಕ್ಕನೆ ಹೊರಚಾಚುತ್ತದೆ. ಆ ಮೌನವೂ ಆ ಹಠಾತ್ ತಿರುವೂ ಎಫೆಕ್ಟ್‌ಗೆ ಬರುವುದಿಲ್ಲ. ಶಾಲೆಯ ಪುಸ್ತಕದಲ್ಲಿ, ಪಂಚಾಯಿತಿಯ ಫಲಕದಲ್ಲಿ ಇಂಥ ಅಂಚು ಕಂಡಾಗ ನನಗೆ ಬೇಸರವಾಗುತ್ತದೆ. ನಿಖರವೆಂದು ಕಾಣುವಂತೆ ಅದನ್ನು ಬರೆದಿರುತ್ತಾರೆ, ಮಗು ಅದನ್ನೇ ತನ್ನೂರಿನ ಕೆರೆಯೆಂದು ನಂಬುತ್ತದೆ.

ನಕಲು ತೆಗೆಯುವ ದಾರಿ

ನಾಲ್ಕನೆಯದು ಟ್ರೇಸ್. ಹಳೆಯ ಗ್ರಾಮನಕಾಶೆಯನ್ನು ಸ್ಕ್ಯಾನ್ ಮಾಡಿ, ಕೋರೆಲ್‌ಡ್ರಾದ ಪವರ್‌ಟ್ರೇಸ್, ಇಲ್ಲಸ್ಟ್ರೇಟರ್‌ನ ಇಮೇಜ್ ಟ್ರೇಸ್ ಅಥವಾ ಇಂಕ್‌ಸ್ಕೇಪ್‌ನೊಳಗಿನ ಪೊಟ್ರೇಸ್‌ಗೆ ಕೊಟ್ಟರೆ ಕ್ಷಣದಲ್ಲಿ ವೆಕ್ಟರ್ ಸಿಗುತ್ತದೆ. ಆದರೆ ಈ ಸಾಧನಗಳು ಸಾಮಾನ್ಯವಾಗಿ ಬಣ್ಣದ ಮೈಯ ಸುತ್ತ ಅಂಚು ಹುಡುಕುತ್ತವೆ. ನಕಾಶೆಯ ಮಸಿಗೆರೆಗೂ ಒಂದು ದಪ್ಪವಿದೆ. ಆದ್ದರಿಂದ ಗೆರೆಯ ಒಳಮೈಗೊಂದು, ಹೊರಮೈಗೊಂದು ಎಂದು ಎರಡು ಅಂಚು ಬರುತ್ತವೆ. ಕೆರೆಯ ಗಡಿ ಅವೆರಡರ ನಡುವೆ ಎಲ್ಲೋ ಇರುತ್ತದೆ. ಅಂಚಿಗೆ ತಾಗಿದ ಸರ್ವೆ ನಂಬರು, ಮಡಿಕೆಯ ಗೀರು, ತೇವದ ಕಲೆ ಎಲ್ಲವೂ ದಡದ ಭಾಗವಾಗಿಬಿಡುತ್ತವೆ. ಕಾಗದ ಹಿಗ್ಗಿ ಕುಗ್ಗಿರುವುದು ಬೇರೆ. ಹೀಗಾಗಿ ಯಂತ್ರದ ಟ್ರೇಸನ್ನು ಕೆಳಗಿಟ್ಟುಕೊಂಡು ಮೇಲೆ ಪೆನ್ ಟೂಲ್‌ನಿಂದ ಮಸಿಗೆರೆಯ ನಡುವೆ ಹೊಸದಾಗಿ ಬರೆಯುವುದೇ ಕ್ಷೇಮ. ನಕಾಶೆಯಲ್ಲಿ ಗುರುತಿರುವ ಗಡಿಕಲ್ಲುಗಳಲ್ಲಿ ಇಂದಿಗೂ ನೆಲದ ಮೇಲೆ ಸಿಗುವ ಕೆಲವನ್ನು ಆಧಾರ ಮಾಡಿಕೊಂಡು ಮೊದಲು ಸ್ಕ್ಯಾನನ್ನು ನೇರ ಮಾಡಿಕೊಳ್ಳಬೇಕು.

ಐದನೆಯದು ಆಕಾಶದಿಂದ ನೋಡುವ ದಾರಿ. 2009ರಿಂದ ಇಸ್ರೊದ ಭುವನ್ ಇದೆ. 2015ರಿಂದ ಯುರೋಪಿನ ಸೆಂಟಿನೆಲ್-2 ಉಪಗ್ರಹ 10 ಮೀಟರ್ ಚೌಕದ ವಿವರದಲ್ಲಿ ಚಿತ್ರ ಕೊಡುತ್ತಿದೆ, ಅದೂ ಉಚಿತವಾಗಿ. ಹಸಿರು ಬೆಳಕನ್ನೂ ಅವಕೆಂಪು ಬೆಳಕನ್ನೂ ಹೋಲಿಸಿ ನೀರನ್ನು ಬೇರ್ಪಡಿಸುವ ಸೂತ್ರವನ್ನು ಮೆಕ್‌ಫೀಟರ್ಸ್ 1996ರಲ್ಲಿ ಕೊಟ್ಟರು. ನಕಾಶೆಯ ತಂತ್ರಾಂಶವಾದ ಕ್ಯುಜಿಐಎಸ್‌ನಲ್ಲಿ ಅದನ್ನು ಓಡಿಸಿ ಕೆರೆಯ ಆಕಾರವನ್ನು ವೆಕ್ಟರ್ ಮಾಡಬಹುದು. ಬರುವ ಅಂಚು ಮೆಟ್ಟಿಲು ಮೆಟ್ಟಿಲಾಗಿರುತ್ತದೆ, ಪ್ರತಿ ಮೆಟ್ಟಿಲು 10 ಮೀಟರ್. ಅದನ್ನು ನಯ ಮಾಡಲು ಬಳಸುವ ಚೈಕಿನ್ ಕ್ರಮ ಮೂಲೆಗಳನ್ನು ಕತ್ತರಿಸುತ್ತ ಹೋಗುವುದರಿಂದ ಹಳ್ಳದ ಬೆರಳುಗಳು ಮೊಟಕಾಗುತ್ತವೆ, ಇದನ್ನು ಮರೆಯಬಾರದು. ಇನ್ನೂ ದೊಡ್ಡ ಮಾತೆಂದರೆ, ಉಪಗ್ರಹ ತೋರಿಸುವುದು ಆ ದಿನದ ನೀರನ್ನು. 2021ರ ನವೆಂಬರ್ ಮಳೆಗೆ ಪಾಲಾರ್ ಉಕ್ಕಿ ಹರಿದ ದಿನಗಳ ಚಿತ್ರ ಒಂದು ಆಕಾರ ಹೇಳುತ್ತದೆ, ಮಳೆ ಕೈಕೊಟ್ಟ ವರ್ಷದ ಏಪ್ರಿಲ್ ಇನ್ನೊಂದು ಹೇಳುತ್ತದೆ. ನೀರ ಮೇಲೆ ಕಳೆ ಹಬ್ಬಿದರೆ ಅದೂ ನೆಲವೆಂದೇ ಲೆಕ್ಕವಾಗಬಹುದು. ತಾರೀಕು ಬರೆಯದ ಉಪಗ್ರಹದ ಅಂಚು ಅರ್ಧ ಸತ್ಯ.

ಎಷ್ಟು ಬಿಂದು ಸಾಕು?

ಯಾವ ದಾರಿ ಹಿಡಿದರೂ ಕೊನೆಗೆ ಎದುರಾಗುವ ಪ್ರಶ್ನೆ ಇದು. ಹೆಚ್ಚು ನೋಡ್ ಇದ್ದರೆ ಹೆಚ್ಚು ನಿಖರ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಫಲಕಕ್ಕೆ ವಿನೈಲ್ ಕತ್ತರಿಸುವವರನ್ನು ಕೇಳಿದರೆ ಬೇರೆಯೇ ಹೇಳುತ್ತಾರೆ: ನೋಡ್ ಕಿಕ್ಕಿರಿದ ಅಂಚಿನಲ್ಲಿ ಪ್ಲಾಟರಿನ ಬ್ಲೇಡು ತಡವರಿಸಿ ಸ್ಟಿಕರ್ ಹರಿಯುತ್ತದೆ.

ಗಣಿತ ಇನ್ನೂ ಆಳಕ್ಕೆ ಹೋಗುತ್ತದೆ. ಲೂಯಿಸ್ ಫ್ರೈ ರಿಚರ್ಡ್‌ಸನ್ ಸಂಗ್ರಹಿಸಿದ ಅಂಕಿಅಂಶಗಳನ್ನು ಆಧರಿಸಿ ಬೆನ್ವಾ ಮ್ಯಾಂಡೆಲ್‌ಬ್ರೋ 1967ರಲ್ಲಿ ಬ್ರಿಟನ್ನಿನ ಕರಾವಳಿಯ ಉದ್ದ ಎಷ್ಟೆಂಬ ಪ್ರಶ್ನೆ ಎತ್ತಿದರು. ಅಳತೆಗೋಲು ಚಿಕ್ಕದಾದಷ್ಟೂ ಉದ್ದ ಬೆಳೆಯುತ್ತಲೇ ಹೋಗುತ್ತದೆ ಎಂದು ತೋರಿಸಿದರು. ನಮ್ಮ ರಾಜ್ಯದ ವಿಷಯದಲ್ಲೂ ಇದೇ ಆಗಿದೆ. ಕರ್ನಾಟಕದ ಕರಾವಳಿ 280 ಕಿ.ಮೀ. ಎಂದು ದಶಕಗಳ ಕಾಲ ಓದಿದ್ದೇವೆ. ಹೆಚ್ಚು ವಿವರದ ನಕಾಶೆಗಳಿಂದ ಇತ್ತೀಚೆಗೆ ಮರುಅಳತೆ ಮಾಡಿದಾಗ ಅದು 343.30 ಕಿ.ಮೀ. ಆಯಿತು, ದೇಶದ ಒಟ್ಟು ಕರಾವಳಿ 7,516.6 ಕಿ.ಮೀ.ನಿಂದ 11,098.81 ಕಿ.ಮೀ.ಗೆ ಏರಿತು. ಕಡಲೇನೂ ಅಷ್ಟು ಸರಿಯಲಿಲ್ಲ. ಅಳತೆಗೋಲು ಚಿಕ್ಕದಾಯಿತು, ಕೊಲ್ಲಿ ಅಳಿವೆಗಳು ಲೆಕ್ಕಕ್ಕೆ ಸೇರಿದವು.

ಕೆರೆಗೂ ಇದೇ ನಿಯಮ. ಅಂಚನ್ನು ಸ್ವಲ್ಪ ನಯ ಮಾಡಿದರೆ ಒಂದು ಕಡೆ ಕಳೆದದ್ದು ಇನ್ನೊಂದು ಕಡೆ ಬಹುಮಟ್ಟಿಗೆ ತುಂಬಿಕೊಳ್ಳುವುದರಿಂದ ವಿಸ್ತೀರ್ಣ ಹೆಚ್ಚು ಬದಲಾಗುವುದಿಲ್ಲ. ಸುತ್ತಳತೆ ಮಾತ್ರ ಬಹಳ ಬದಲಾಗುತ್ತದೆ. ಆದ್ದರಿಂದ ಫಲಕದ ಮೇಲೆ ಕೆರೆಯ ಎಕರೆ ಬರೆಯುವುದರಲ್ಲಿ ಅರ್ಥವಿದೆ. ಸುತ್ತಳತೆ ಬರೆಯುವುದಾದರೆ ಯಾವ ಅಳತೆಯ ನಕಾಶೆಯಿಂದ ತೆಗೆದದ್ದೆಂದು ಜೊತೆಗೆ ಹೇಳಲೇಬೇಕು.

ನೋಡ್ ಕಡಿಮೆ ಮಾಡಲು ಎರಡು ಹೆಸರಾಂತ ಕ್ರಮಗಳಿವೆ. 1972ರಲ್ಲಿ ರಾಮರ್, 1973ರಲ್ಲಿ ಡಗ್ಲಸ್ ಮತ್ತು ಪೋಯ್ಕರ್ ಕೊಟ್ಟದ್ದು ದೂರಕ್ಕೆ ಚಾಚಿದ ತುದಿಗಳನ್ನು ಉಳಿಸಿ ನಡುವಿನವನ್ನು ಬಿಡುತ್ತದೆ. 1993ರಲ್ಲಿ ಹಲ್ ವಿಶ್ವವಿದ್ಯಾಲಯದ ವಿಶ್ವಲಿಂಗಂ ಮತ್ತು ವ್ಯಾಟ್ ಕೊಟ್ಟದ್ದು ಅತಿ ಸಣ್ಣ ತ್ರಿಕೋನ ಮಾಡುವ ಬಿಂದುವನ್ನು ಮೊದಲು ಬಿಡುತ್ತದೆ. ಅದರಿಂದ ರೂಪ ಹಿತವಾಗಿ ಉಳಿಯುತ್ತದೆ, ಸಣ್ಣ ಬೆರಳುಗಳು ಹೋಗುತ್ತವೆ. ಹಳ್ಳದ ಬಾಯಿಗಳು ಮುಖ್ಯವಾದರೆ ಮೊದಲನೆಯದು, ಚಿಕ್ಕ ಗಾತ್ರದ ಚಿತ್ರಕ್ಕೆ ಎರಡನೆಯದು ಮೇಲು. ಲೆಕ್ಕ ಹಾಕದೆ ಸಿಂಪ್ಲಿಫೈ ಒತ್ತುವ ಆತುರದಲ್ಲಿ ರಾಜ್ಯೋತ್ಸವದ ಫ್ಲೆಕ್ಸ್ ಮೇಲಿನ ಕರ್ನಾಟಕದ ಭೂಪಟದಿಂದ ಕೋಲಾರದ ಮೂಲೆಯೇ ಸವೆದುಹೋಗಬಹುದು.

ಗೆರೆ ಗಡಿಯಾಗುವಾಗ

ಹಳೆಯ ಗ್ರಾಮನಕಾಶೆಗಳ ಸಾಮಾನ್ಯ ಅಳತೆ ಒಂದಕ್ಕೆ 7,920. ನಕಾಶೆಯ ಒಂದು ಮಿಲಿಮೀಟರ್ ನೆಲದ ಮೇಲೆ ಸುಮಾರು 8 ಮೀಟರ್. ಅರ್ಧ ಮಿಲಿಮೀಟರ್ ದಪ್ಪದ ಗೆರೆ ಎಳೆದರೆ ಅದರಡಿ ನಾಲ್ಕು ಮೀಟರ್ ನೆಲ ಮುಚ್ಚಿಹೋಗುತ್ತದೆ. ಅದು ಮೂವತ್ತಕ್ಕೆ ನಲವತ್ತರ ಸೈಟಿನ ಅಗಲದಲ್ಲಿ ಹತ್ತಿರ ಹತ್ತಿರ ಅರ್ಧ.

2014ರ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರದ ಮೂಲ ಕಾಯ್ದೆ ಕೆರೆಯ ಗಡಿಯಿಂದ 30 ಮೀಟರ್ ಒಳಗೆ ಮನೆ, ವಾಣಿಜ್ಯ, ಕೈಗಾರಿಕೆಯ ಕಟ್ಟಡ ಕಟ್ಟುವುದನ್ನು ತಡೆಯಿತು. ಬೆಂಗಳೂರಿನ ಕೆರೆಗಳಿಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಮೇನಲ್ಲಿ 75 ಮೀಟರ್ ಎಂದಿತು, 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿತು. ಮೀಟರುಗಳ ಬಗ್ಗೆ ಇಷ್ಟು ವಾದ ನಡೆದಿದೆ. ಆ ಮೀಟರುಗಳನ್ನು ಎಲ್ಲಿಂದ ಎಣಿಸಬೇಕು ಎಂಬುದು ಅಷ್ಟೇ ದೊಡ್ಡ ಪ್ರಶ್ನೆ. ನಕಾಶೆಯಲ್ಲಿ ಹಳ್ಳದ ಬೆರಳೊಂದನ್ನು ಸ್ಮೂದಿಂಗ್ ಅಳಿಸಿದರೆ ಅದರ ಸುತ್ತಲಿನ ರಕ್ಷಣೆಯೂ ಅಳಿಯುತ್ತದೆ. ಕೆರೆಗೆ ನೀರು ತರುವ ದಾರಿಯೇ ಆ ಬೆರಳಾಗಿರುತ್ತದೆ. ರಫನ್ ಮಾಡಿದ ಅಂಚಿನ ಸುಳ್ಳು ತುದಿಯೊಂದು ಹೊರಚಾಚಿದರೆ ಯಾರದೋ ಹೊಲ ಕಾರಣವಿಲ್ಲದೆ ನಿರ್ಬಂಧಕ್ಕೆ ಸಿಗುತ್ತದೆ.

ಅಕ್ಕಪಕ್ಕದ ಆಕಾರಗಳಲ್ಲಿ ಇನ್ನೊಂದು ತೊಡಕಿದೆ. ಕೆರೆಯನ್ನೊಬ್ಬರು, ಪಕ್ಕದ ಹೊಲವನ್ನೊಬ್ಬರು ಬೇರೆ ಬೇರೆ ಬರೆದರೆ ಎರಡು ಡೊಂಕುಗಳು ಹೊಂದುವುದಿಲ್ಲ. ನಡುವೆ ಸಣ್ಣ ಸಣ್ಣ ಸಂದುಗಳು, ಒಂದರ ಮೇಲೊಂದು ಬೀಳುವ ತುಣುಕುಗಳು ಹುಟ್ಟುತ್ತವೆ. ಚಿತ್ರದಲ್ಲಿ ಅದು ಬಿಳಿ ಎಳೆ. ನೆಲದ ಮೇಲೆ ಅದು ಯಾರಿಗೂ ಸೇರದ ಅಥವಾ ಇಬ್ಬರಿಗೂ ಸೇರಿದ ಜಾಗ. ಇಬ್ಬರಿಗೂ ಸಾಮಾನ್ಯವಾದ ಅಂಚನ್ನು ಒಮ್ಮೆ ಮಾತ್ರ ಬರೆದು ಎರಡು ಆಕಾರಕ್ಕೂ ಅದನ್ನೇ ಬಳಸಬೇಕು. ಕ್ಯುಜಿಐಎಸ್‌ನಲ್ಲಿ ಸ್ನ್ಯಾಪಿಂಗ್ ಇರುವುದು, ಕೋರೆಲ್‌ಡ್ರಾದಲ್ಲಿ ಟ್ರಿಮ್ ಮತ್ತು ಇಂಟರ್‌ಸೆಕ್ಟ್ ಇರುವುದು ಇದಕ್ಕೇ. 2018ರಲ್ಲಿ ಬಂದ ದಿಶಾಂಕ್ ಆ್ಯಪ್‌ನಲ್ಲಿ ಈಗ ರೈತರೇ ಕೆರೆಯ ಬದುವಿನ ಮೇಲೆ ನಿಂತು ಸರ್ವೆ ನಂಬರು ನೋಡುತ್ತಾರೆ. ಪರದೆಯ ಗೆರೆಗೂ ಕಾಲ ಕೆಳಗಿನ ಬದುವಿಗೂ ಹೊಂದದಿದ್ದರೆ ಅವರಿಗೆ ಅಲ್ಲೇ ಗೊತ್ತಾಗುತ್ತದೆ.

ಒಂದು ಕ್ರಮ

ಈ ದಾರಿಗಳಲ್ಲಿ ಯಾವುದೂ ಹೆಚ್ಚಲ್ಲ, ಯಾವುದೂ ಕಡಿಮೆಯಲ್ಲ. ಕೆಲಸಕ್ಕೆ ತಕ್ಕ ದಾರಿ ಆರಿಸಿಕೊಳ್ಳಬೇಕು. ಅಲಂಕಾರಕ್ಕೆ ಎಫೆಕ್ಟ್, ಕಥೆಯ ಚಿತ್ರಕ್ಕೆ ಫ್ರೀಹ್ಯಾಂಡ್. ಕೆರೆ, ಊರು, ಗಡಿಗಳಿಗೆ ಗ್ರಾಮನಕಾಶೆ ಮತ್ತು ಉಪಗ್ರಹ ಚಿತ್ರಗಳನ್ನು ಕೆಳಗಿಟ್ಟುಕೊಂಡು ಪೆನ್ ಟೂಲ್.

ಕೆರೆ ಬರೆಯುವವರು ಮೊದಲು ಏರಿ ಎಳೆಯಲಿ, ಆಮೇಲೆ ಕೋಡಿ ಮತ್ತು ತೂಬುಗಳನ್ನು ಗುರುತಿಸಲಿ. ಮೂರನೆಯದಾಗಿ ಕೆರೆಗೆ ಬರುವ ಪ್ರತಿ ಹಳ್ಳವನ್ನೂ ರಾಜಕಾಲುವೆಯನ್ನೂ ಬರೆಯಲಿ. ಅವು ಕೂತ ಮೇಲೆ ದಡದ ಚೂಪು ಬೆರಳುಗಳು ಎಲ್ಲಿರಬೇಕೆಂಬುದು ತಾನಾಗಿ ನಿಶ್ಚಯವಾಗುತ್ತದೆ. ಉಳಿದ ದಡವನ್ನು ಅವುಗಳ ನಡುವೆ ದುಂಡನೆಯ ಮೂಗುಗಳಾಗಿ ಕೂಡಿಸಿದರಾಯಿತು. ತುಂಬಿದ ಮಟ್ಟದ ಅಂಚನ್ನು ಗಟ್ಟಿ ಗೆರೆಯಲ್ಲೂ ಬೇಸಿಗೆಯ ನೀರನ್ನು ಚುಕ್ಕೆ ಗೆರೆಯಲ್ಲೂ ಬೇರೆ ಬೇರೆ ಲೇಯರಿನಲ್ಲಿ ಇಡಲಿ. ಮೂಲೆಯಲ್ಲಿ ಅಳತೆ, ಆಧಾರ, ತಾರೀಕು ಬರೆಯಲಿ. ಕೊನೆಗೆ ಪ್ರಿಂಟ್ ತೆಗೆದು, ಆ ಕೆರೆಯಲ್ಲಿ ನೀರುಗಂಟಿಯಾಗಿಯೋ ಮೀನು ಹಿಡಿದೋ ದನ ಮೇಯಿಸಿಯೋ ದಡವನ್ನು ಬಲ್ಲವರಿಗೆ ತೋರಿಸಲಿ. ಹಳ್ಳ ಎಲ್ಲಿ ತಿರುಗುತ್ತದೆ, ಯಾವ ವರ್ಷ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಅವರು ಬೆರಳಿಟ್ಟು ಹೇಳುತ್ತಾರೆ. ಅವರು ಒಪ್ಪಿದ ಮೇಲೆಯೇ ಫೈಲು ಮುಗಿಯಿತೆನ್ನಬೇಕು.

ಕೋಲಾರ ಜಿಲ್ಲೆಯ ಪ್ರತಿ ಕೆರೆಗೂ ಇಂಥದೊಂದು ವೆಕ್ಟರ್ ಚಿತ್ರ ಬೇಕು. ಎಸ್‌ವಿಜಿ ರೂಪದಲ್ಲಿ, ಯಾರು ಬೇಕಾದರೂ ತೆರೆದು ನೋಡುವಂತೆ, ಗ್ರಾಮ ಪಂಚಾಯಿತಿಯಲ್ಲೂ ಶಾಲೆಯಲ್ಲೂ ಇರಬೇಕು. ಇದಕ್ಕೆ ದೊಡ್ಡ ಯಂತ್ರ ಬೇಡ, ಉಚಿತ ತಂತ್ರಾಂಶ ಸಾಕು. ಬಂಗಾರಪೇಟೆ, ಕೆಜಿಎಫ್, ಬೇತಮಂಗಲದ ಡಿಟಿಪಿ ಅಂಗಡಿಗಳಲ್ಲಿ ಕರ್ವ್ ಬಲ್ಲ ಕೈಗಳು ಈಗಾಗಲೇ ಇವೆ. ನೆಲ ಬಲ್ಲವರು ಊರಲ್ಲೇ ಇದ್ದಾರೆ. ಇವರಿಬ್ಬರೂ ಒಂದು ಮೇಜಿನ ಎದುರು ಕೂತರೆ ಕೆರೆಯ ಅಂಚು ಸರಿಯಾಗಿ ಬರುತ್ತದೆ. ಸರಿಯಾಗಿ ಬರೆದ ಅಂಚು ಕಣ್ಣ ಮುಂದಿದ್ದರೆ ಒತ್ತುವರಿಯನ್ನು ಕೇಳುವ ಧೈರ್ಯವೂ ಊರಿಗೆ ಬರುತ್ತದೆ.